ಮರ್ಸಿ ತೀರದ ಒಂದು ಮೇಳ ಮತ್ತು ಅದರ ಹೊಸ ಡ್ರಮ್ಮರ್

1962ನೆಯ ಇಸವಿ ಆಗಸ್ಟ್ 23ರಂದು, ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬಂದರು ನಗರವಾದ ಲಿವರ್‌ಪೂಲಿನಲ್ಲಿ, ‘ಮರ್ಸಿ ಬೀಟ್’ ಎಂಬ ಸ್ಥಳೀಯ ಪಾಕ್ಷಿಕವು ತನ್ನ ಓದುಗರಿಗೆ ಒಂದು ಸುದ್ದಿಯನ್ನು ಮುಟ್ಟಿಸಿತು. ಊರಿನ ಮೇಳಗಳಲ್ಲೆಲ್ಲ ಅತ್ಯಂತ ಜನಪ್ರಿಯವಾಗಿದ್ದ ಬೀಟಲ್ಸ್ ಮೇಳವು ತನ್ನ ಡ್ರಮ್ಮರನನ್ನು ಬದಲಾಯಿಸಿಕೊಂಡಿದೆ; ಎರಡು ವರ್ಷಗಳಿಂದ ಜೊತೆಗಿದ್ದ ಪೀಟ್ ಬೆಸ್ಟ್ ಪರಸ್ಪರ ಸಮ್ಮತಿಯಿಂದ, ಯಾವ ಮನಸ್ತಾಪವೂ ಇಲ್ಲದೆ, ಮೇಳವನ್ನು ಬಿಟ್ಟಿದ್ದಾನೆ; ರೋರಿ ಸ್ಟಾರ್ಮ್ ಎಂಬಾತನ ಹರಿಕೇನ್ಸ್ ಮೇಳದಲ್ಲಿದ್ದ ರಿಂಗೋ ಸ್ಟಾರ್ ಅವನ ಸ್ಥಾನಕ್ಕೆ ಬಂದಿದ್ದಾನೆ; ಸೆಪ್ಟೆಂಬರ್ 4ರಂದು ಮೇಳವು ಧ್ವನಿಮುದ್ರಣಕ್ಕಾಗಿ ಲಂಡನ್ನಿಗೆ ಹೋಗಲಿದೆ. ಸುದ್ದಿಯ ಸಾರ ಇಷ್ಟೇ. ಇದರಲ್ಲಿ ಬದಲಾವಣೆಯ ಸಂಗತಿ ನಿಜ, ಬಂದವನ ಹೆಸರು ನಿಜ, ಲಂಡನ್ನಿನ ಪ್ರಯಾಣವೂ ನಿಜ. ಮನಸ್ತಾಪವಿರಲಿಲ್ಲವೆಂಬ ಮಾತೊಂದು ಮಾತ್ರ ನಿಜವಲ್ಲ.

ಆ ನಾಲ್ವರು ಮುಂದೆ ಪಡೆದ ಲೋಕಪ್ರಸಿದ್ಧಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಾರ್ತೆಯನ್ನು ಓದುವುದು ನಮಗೆ ಅಭ್ಯಾಸವಾಗಿಹೋಗಿದೆ. ಆದರೆ ಅಂದಿನ ಓದುಗರಿಗೆ ಅದು ತಮ್ಮ ಊರಿನ ಸುದ್ದಿ. ಶನಿವಾರ ರಾತ್ರಿ ಯಾವ ಸಭಾಂಗಣದಲ್ಲಿ ಯಾರ ಸಂಗೀತವೆಂದು ನೋಡಿಕೊಂಡು ಹೋಗಿ ಕುಣಿದು ಬರುತ್ತಿದ್ದ ಹುಡುಗ ಹುಡುಗಿಯರ ಸುದ್ದಿ. ನಮ್ಮ ಕರಾವಳಿಯಲ್ಲಿ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾವ ಮದ್ದಳೆಗಾರ ಯಾವ ಮೇಳಕ್ಕೆ ಹೋದನೆಂಬ ವಿಷಯವನ್ನು ಜನ ಅಂಗಡಿ ಜಗಲಿಗಳಲ್ಲಿ ಕುಳಿತು ಎಷ್ಟು ಗಂಭೀರವಾಗಿ ಚರ್ಚಿಸುವರೋ, ಅಷ್ಟೇ ಗಾಂಭೀರ್ಯದಿಂದ ಲಿವರ್‌ಪೂಲಿನ ತರುಣರು ಈ ವಾರ್ತೆಯನ್ನು ಚರ್ಚಿಸಿದರು. ಪತ್ರಿಕೆಯೂ ಅಂಥವರಿಗಾಗಿಯೇ ಹುಟ್ಟಿದ್ದು. ಚಿತ್ರಕಲಾಶಾಲೆಯಲ್ಲಿ ಜಾನ್ ಲೆನನ್ನನ ಸಹಪಾಠಿಯಾಗಿದ್ದ ಬಿಲ್ ಹ್ಯಾರಿ, 50 ಪೌಂಡು ಸಾಲ ತೆಗೆದು 1961ರ ಜುಲೈ 6ರಂದು ಅದರ ಮೊದಲ ಸಂಚಿಕೆಯನ್ನು ಹೊರತಂದಿದ್ದನು. ಬೆಲೆ ಮೂರು ಪೆನ್ಸ್. ದೊಡ್ಡ ಪತ್ರಿಕೆಗಳು ತಿರುಗಿಯೂ ನೋಡದ ನೂರಾರು ಮೇಳಗಳ ಆಗುಹೋಗುಗಳನ್ನು ಅದು ಶ್ರದ್ಧೆಯಿಂದ ದಾಖಲಿಸಿತು. ಇತಿಹಾಸಕಾರನಿಗೆ ಇಂಥ ಪತ್ರಿಕೆಗಳಿಂದಾಗುವ ಉಪಕಾರ ಅಪಾರವಾದುದು. ದೊಡ್ಡವರು ದೊಡ್ಡವರಾಗುವುದಕ್ಕೆ ಮೊದಲು ಹೇಗಿದ್ದರೆಂಬುದನ್ನು ಬಲ್ಲವು ಇವು ಮಾತ್ರವೇ.

ಆ ಬೇಸಗೆಯ ಹೊತ್ತಿಗೆ ಮೇಳದ ಸ್ಥಿತಿ ಹೀಗಿತ್ತು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಎಂಬ ಮೂವರು ಗಿಟಾರುಗಳನ್ನು ಹಿಡಿದು ಹಾಡುವವರು. ಹಿಂದೆ ಡ್ರಮ್‌ಗಳ ನಡುವೆ ಪೀಟ್ ಬೆಸ್ಟ್. ಮ್ಯಾಥ್ಯೂ ಬೀದಿಯಲ್ಲಿ, ಹಿಂದೆ ಹಣ್ಣಿನ ಉಗ್ರಾಣವಾಗಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ‘ಕ್ಯಾವರ್ನ್’ ಕ್ಲಬ್ಬು ಅವರ ಮುಖ್ಯ ರಂಗಸ್ಥಳ. ಇಟ್ಟಿಗೆಯ ಕಮಾನುಗಳ ಕೆಳಗೆ, ಗಾಳಿಯಾಡದ ಇಕ್ಕಟ್ಟಿನಲ್ಲಿ, ಗೋಡೆಗಳಿಂದ ನೀರು ಬಸಿಯುವಷ್ಟು ಸೆಕೆಯಲ್ಲಿ, ಮಧ್ಯಾಹ್ನದ ಊಟದ ಬಿಡುವಿಗೂ ರಾತ್ರಿಗೂ ಅವರು ನುಡಿಸುತ್ತಿದ್ದರು. 1962ರ ಜನವರಿಯಲ್ಲಿ ‘ಮರ್ಸಿ ಬೀಟ್’ ಓದುಗರು ಮತ ಕೊಟ್ಟು ಅವರನ್ನು ಊರಿನ ಪ್ರಥಮ ಮೇಳವೆಂದು ಆರಿಸಿದ್ದರು. ವೈಟ್‌ಚಾಪೆಲ್ ಬೀದಿಯಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿ ನಡೆಸುತ್ತಿದ್ದ ಬ್ರಯನ್ ಎಪ್‌ಸ್ಟೈನ್ ಅವರ ವ್ಯವಸ್ಥಾಪಕನಾಗಿದ್ದನು. ಡೆಕ್ಕಾ ಕಂಪನಿ ಅವರನ್ನು ಪರೀಕ್ಷಿಸಿ ಬೇಡವೆಂದಿತ್ತು. ಇಎಂಐ ಕಂಪನಿಯ ಪಾರ್ಲೋಫೋನ್ ವಿಭಾಗದ ಜಾರ್ಜ್ ಮಾರ್ಟಿನ್ ಜೂನ್ 6ರಂದು ಲಂಡನ್ನಿನ ಆಬಿ ರಸ್ತೆಯ ಸ್ಟುಡಿಯೋದಲ್ಲಿ ಅವರಿಂದ ನಾಲ್ಕು ಹಾಡು ನುಡಿಸಿದ್ದನು. ಹಾಡುವವರು ಆತನಿಗೆ ಹಿಡಿಸಿದರು, ಡ್ರಮ್ ಹಿಡಿಸಲಿಲ್ಲ. ಧ್ವನಿಮುದ್ರಣದ ಮಟ್ಟಿಗೆ ಅನುಭವಸ್ಥನಾದ ಬೇರೊಬ್ಬ ವಾದಕನನ್ನು ಕರೆಸುವೆನೆಂದು ಆತ ಸೂಚಿಸಿದನು. ಪೀಟನನ್ನು ಮೇಳದಿಂದಲೇ ತೆಗೆಯಬೇಕೆಂದು ಆತ ಹೇಳಲಿಲ್ಲ. ಆ ತೀರ್ಮಾನವನ್ನು ಮೇಳದವರು ತಾವೇ ಮಾಡಿದರು.

ಹೋದವನ ಕಥೆಯನ್ನು ಮೊದಲು ಹೇಳುವುದು ನ್ಯಾಯ. ಪೀಟ್ ಬೆಸ್ಟ್ ಹುಟ್ಟಿದ್ದು ನಮ್ಮ ನೆರೆಯ ಮದರಾಸಿನಲ್ಲಿ, 1941ರ ನವೆಂಬರ್ 24ರಂದು. ತಾಯಿ ಮೋನಾ ದೆಹಲಿಯಲ್ಲಿ ಜನಿಸಿದವಳು. ಯುದ್ಧ ಮುಗಿದ ವರ್ಷ ಕುಟುಂಬವು ಹಡಗನ್ನೇರಿ ಲಿವರ್‌ಪೂಲನ್ನು ಸೇರಿತು. ಮೋನಾ ಸಾಮಾನ್ಯ ಹೆಂಗಸಲ್ಲ. ಒಡವೆಗಳನ್ನು ಅಡವಿಟ್ಟು 1954ರ ಡರ್ಬಿ ಪಂದ್ಯದಲ್ಲಿ, ಯಾರೂ ಗೆಲ್ಲುವುದೆಂದು ನಂಬದಿದ್ದ ಕುದುರೆಯೊಂದರ ಮೇಲೆ ಹಣ ಕಟ್ಟಿ, ಗೆದ್ದು, ಆ ಹಣದ ಬಲದಿಂದ ವೆಸ್ಟ್ ಡರ್ಬಿ ಬಡಾವಣೆಯಲ್ಲಿ ಒಂದು ದೊಡ್ಡ ಹಳೆಯ ಮನೆಯನ್ನು ಕೊಂಡಳೆಂಬುದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಆ ಮನೆಯ ನೆಲಮಾಳಿಗೆಯಲ್ಲೇ 1959ರ ಆಗಸ್ಟ್ 29ರಂದು ಆಕೆ ‘ಕಾಸ್ಬಾ’ ಎಂಬ ಕಾಫಿ ಕ್ಲಬ್ಬನ್ನು ತೆರೆದಳು. ಅದರ ಗೋಡೆ ಚಾವಣಿಗಳಿಗೆ ಬಣ್ಣ ಬಳಿದವರಲ್ಲಿ ಜಾನ್, ಪಾಲ್, ಜಾರ್ಜರೂ ಇದ್ದರು. ಅದರ ಮೊದಲ ರಾತ್ರಿ ನುಡಿಸಿದವರೂ ಅವರೇ. ಮರುವರ್ಷ ಜರ್ಮನಿಯ ಹ್ಯಾಂಬರ್ಗಿಗೆ ಕರೆ ಬಂದಾಗ ಮೇಳಕ್ಕೆ ಡ್ರಮ್ಮರನಿರಲಿಲ್ಲ. ಪೀಟನ ಬಳಿ ಡ್ರಮ್ ಇತ್ತು, ಆತ ಹೊರಟನು. ಅಲ್ಲಿ ರಾತ್ರಿಯಿಡೀ ನುಡಿಸುವ ದುಡಿಮೆಯಲ್ಲಿ ಪಾಲುಗೊಂಡನು, ಪಾಲ್ ಮೆಕಾರ್ಟ್ನಿಯೊಡನೆ ಪೋಲೀಸರ ಕೈಗೆ ಸಿಕ್ಕಿ ಗಡೀಪಾರಾದನು, ಊರಿಗೆ ಮರಳಿದ ಮೇಲೆ ತಾಯಿಯ ಮೂಲಕ ಮೇಳಕ್ಕೆ ಎಷ್ಟೋ ಕಾರ್ಯಕ್ರಮಗಳನ್ನು ಒದಗಿಸಿದನು. ಆತ ಮಿತಭಾಷಿ, ಸ್ಫುರದ್ರೂಪಿ. ಕ್ಯಾವರ್ನಿಗೆ ಬರುತ್ತಿದ್ದ ಹುಡುಗಿಯರಲ್ಲಿ ಬಹುಮಂದಿಗೆ ಮೇಳವೆಂದರೆ ಅವನೇ. ಕಾಲಿನ ಡ್ರಮ್ಮನ್ನು ಪ್ರತಿ ಮಾತ್ರೆಗೂ ಬಲವಾಗಿ ಒತ್ತಿ ನುಡಿಸುವ ಆತನ ರೀತಿ ಹ್ಯಾಂಬರ್ಗಿನ ಗದ್ದಲದ ಸಭಾಂಗಣಗಳಿಗೆ ತಕ್ಕುದಾಗಿಯೇ ಇತ್ತು.

ಇಂಥವನನ್ನು ಕಳಿಸಿದ ಬಗೆಯನ್ನು ನೆನೆದರೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಆಗಸ್ಟ್ 15ರ ರಾತ್ರಿ ನಾಲ್ವರೂ ಕ್ಯಾವರ್ನಿನಲ್ಲಿ ಎಂದಿನಂತೆ ನುಡಿಸಿದರು. ಮಾರನೆಯ ಬೆಳಿಗ್ಗೆ ಪೀಟನನ್ನು ಎಪ್‌ಸ್ಟೈನನ ಕಚೇರಿಗೆ ಕರೆಸಲಾಯಿತು. ಮೇಳದ ಸಾಮಾನು ಸಾಗಿಸುತ್ತಿದ್ದ ಆಪ್ತಮಿತ್ರ ನೀಲ್ ಆಸ್ಪಿನಲ್ ಆತನನ್ನು ಬಂಡಿಯಲ್ಲಿ ಕರೆದೊಯ್ದನು. ಹುಡುಗರಿಗೆ ನೀನು ಬೇಡವಾಗಿದ್ದೀಯೆ, ರಿಂಗೋ ಬರುತ್ತಾನೆ ಎಂದು ಎಪ್‌ಸ್ಟೈನ್ ತಿಳಿಸಿದನು. ಎರಡು ವರ್ಷ ಒಂದೇ ಬಂಡಿಯಲ್ಲಿ ತಿರುಗಿ, ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಹಸಿವನ್ನು ಹಂಚಿಕೊಂಡ ಮೂವರು ಗೆಳೆಯರಲ್ಲಿ ಒಬ್ಬನೂ ಆ ಕೋಣೆಯಲ್ಲಿರಲಿಲ್ಲ. ತಾವು ಹೇಡಿಗಳಂತೆ ನಡೆದುಕೊಂಡೆವೆಂದು ಲೆನನ್ ಮುಂದೊಂದು ಕಾಲಕ್ಕೆ ಒಪ್ಪಿಕೊಂಡನು. ಆಸ್ಪಿನಲ್ ಸಿಟ್ಟಿನಿಂದ ತಾನೂ ಬಿಡುವೆನೆಂದಾಗ, ಬೇಡ, ಮೇಳಕ್ಕೆ ಒಳ್ಳೆಯ ಕಾಲ ಬರುವಂತಿದೆ, ನೀನು ಉಳಿದುಕೊ ಎಂದು ಸಮಾಧಾನ ಹೇಳಿದವನು ಪೀಟನೇ. ಆ ಮಾತಿನಂತೆ ಉಳಿದ ಆಸ್ಪಿನಲ್ ಮುಂದೆ ಬೀಟಲ್ಸ್ ಸ್ಥಾಪಿಸಿದ ಆಪಲ್ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದನು. ಈ ಇಡೀ ವೃತ್ತಾಂತದಲ್ಲಿ ಅತ್ಯಂತ ಔದಾರ್ಯದಿಂದ ನಡೆದುಕೊಂಡವನು ಅನ್ಯಾಯಕ್ಕೆ ಗುರಿಯಾದವನೇ ಎಂದು ನನಗೆ ತೋರುತ್ತದೆ.

ಇನ್ನು ಬಂದವನ ವಿಚಾರ. ರಿಚರ್ಡ್ ಸ್ಟಾರ್ಕಿ ಹುಟ್ಟಿದ್ದು 1940ರ ಜುಲೈ 7ರಂದು, ಬಂದರಿಗೆ ಸಮೀಪದ ಡಿಂಗಲ್ ಎಂಬ ಬಡವರ ಕೇರಿಯಲ್ಲಿ. ಎಳವೆಯಲ್ಲೇ ತಂದೆ ಮನೆಯನ್ನು ಬಿಟ್ಟನು. ತಾಯಿ ಎಲ್ಸಿ ಪಾನಗೃಹದಲ್ಲಿ ದುಡಿದು ಮಗನನ್ನು ಸಾಕಿದಳು. ಆರನೆಯ ವಯಸ್ಸಿನಲ್ಲಿ ಹೊಟ್ಟೆಯೊಳಗೆ ಕೀವಾಗಿ ಪ್ರಜ್ಞೆ ತಪ್ಪಿ ಸಾವಿನ ಅಂಚಿಗೆ ಹೋಗಿ ಬಂದನು. ಹದಿಮೂರರಲ್ಲಿ ಕ್ಷಯ ತಗುಲಿ ಮತ್ತೆ ಸುಮಾರು ಎರಡು ವರ್ಷ ಆಸ್ಪತ್ರೆವಾಸ. ಶಾಲೆಯ ವಿದ್ಯೆ ಅಲ್ಲಿಗೆ ಮುಗಿದಂತಾಯಿತು. ಆದರೆ ಆ ಆಸ್ಪತ್ರೆಯಲ್ಲಿ ಮಲಗಿದ ಮಕ್ಕಳ ಬೇಸರ ಕಳೆಯಲು ವಾದ್ಯಗಳನ್ನು ತಂದು ಹಂಚುವ ಪದ್ಧತಿಯಿತ್ತು. ಡ್ರಮ್ ಕೊಟ್ಟರೆ ಮಾತ್ರ ನುಡಿಸುವೆನೆಂದು ಈ ಹುಡುಗ ಹಟ ಹಿಡಿದನು, ಅದಿಲ್ಲದಾಗ ಹತ್ತಿನೂಲಿನ ಉರುಳೆಗಳನ್ನು ಕೈಯಲ್ಲಿ ಹಿಡಿದು ಹಾಸಿಗೆಯ ಪಕ್ಕದ ಕಪಾಟನ್ನು ಬಾರಿಸಿದನು. ರೈಲ್ವೆಯಲ್ಲಿ ಸಂದೇಶ ಒಯ್ಯುವ ಹುಡುಗನಾಗಿ, ದೋಣಿಯೊಂದರಲ್ಲಿ ಪಾನೀಯ ಬಡಿಸುವವನಾಗಿ, ಕೊನೆಗೆ ವ್ಯಾಯಾಮ ಸಲಕರಣೆಗಳ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಕಲಿಯುವವನಾಗಿ ಕಾಲ ಕಳೆಯುತ್ತಿದ್ದಾಗ, 1957ರ ಕ್ರಿಸ್‌ಮಸ್ಸಿಗೆ ಮಲತಂದೆ ಹ್ಯಾರಿ ಗ್ರೇವ್ಸ್ ದಕ್ಷಿಣದ ಊರಿನಿಂದ ಒಂದು ಹಳೆಯ ಡ್ರಮ್ ಸೆಟ್ಟನ್ನು ಕೊಂಡು ರೈಲಿನಲ್ಲಿ ಹೊತ್ತು ತಂದನು. ಆ ಮಲತಂದೆಯ ವಾತ್ಸಲ್ಯವನ್ನು ರಿಂಗೋ ಜೀವಮಾನವಿಡೀ ಕೊಂಡಾಡಿದ್ದಾನೆ. 1959ರಲ್ಲಿ ರೋರಿ ಸ್ಟಾರ್ಮನ ಮೇಳವನ್ನು ಸೇರಿ, ಬೆರಳುಗಳಿಗೆ ತೊಡುತ್ತಿದ್ದ ಉಂಗುರಗಳಿಂದ ರಿಂಗೋ ಎಂಬ ಹೆಸರನ್ನು ಪಡೆದು, ಬಟ್ಲಿನ್ಸ್ ಸಂಸ್ಥೆಯ ರಜಾ ಶಿಬಿರಗಳಲ್ಲಿ ಬೇಸಗೆಗಟ್ಟಲೆ ನುಡಿಸಿ, ಕೈ ಪಳಗಿಸಿಕೊಂಡನು.

ಹ್ಯಾಂಬರ್ಗಿನಲ್ಲಿ 1960ರ ಅಕ್ಟೋಬರಿನಿಂದ ರೋರಿಯ ಮೇಳವೂ ಬೀಟಲ್ಸೂ ಒಂದೇ ವೇದಿಕೆಯನ್ನು ಸರದಿಯ ಮೇಲೆ ಹಂಚಿಕೊಂಡಿದ್ದವು. ಪರಿಚಯ ಸ್ನೇಹವಾದದ್ದು ಅಲ್ಲಿ. ಊರಿನಲ್ಲಿ ಪೀಟನಿಗೆ ಮೈ ಸರಿಯಿಲ್ಲದ ದಿನ ರಿಂಗೋ ಬಂದು ಕೈಗೂಡಿಸಿದ್ದೂ ಉಂಟು. ಹಾಗೆ ಅವನು ಬಂದು ನುಡಿಸಿದ ದಿನ ಮೇಳದ ನಡೆಯೇ ಬೇರೆಯಾಗುತ್ತಿತ್ತೆಂದು ಉಳಿದ ಮೂವರಿಗೂ, ಅವರಲ್ಲಿ ವಿಶೇಷವಾಗಿ ಜಾರ್ಜನಿಗೆ, ಮನದಟ್ಟಾಗಿತ್ತು. 1962ರ ಆಗಸ್ಟಿನಲ್ಲಿ ಸ್ಕೆಗ್ನೆಸ್ಸಿನ ಶಿಬಿರದಲ್ಲಿದ್ದ ಅವನಿಗೆ ವಾರಕ್ಕೆ 25 ಪೌಂಡು ಸಂಬಳದ ಕರೆ ಹೋಯಿತು. ಗಡ್ಡ ತೆಗೆಯಬೇಕು, ಕೂದಲನ್ನು ಹಣೆಯ ಮೇಲೆ ಬರುವಂತೆ ಬಾಚಿಕೊಳ್ಳಬೇಕು, ಕೆನ್ನೆಗೂದಲು ಇದ್ದರೆ ಇರಲಿ ಎಂಬುದು ಲೆನನ್ನನ ಷರತ್ತು.

ಆಗಸ್ಟ್ 18ರ ಶನಿವಾರ ರಾತ್ರಿ, ಮರ್ಸಿ ನದಿಯಾಚೆಯ ಪೋರ್ಟ್ ಸನ್‌ಲೈಟ್ ಗ್ರಾಮದ ಹ್ಯೂಮ್ ಹಾಲಿನಲ್ಲಿ, ಸ್ಥಳೀಯ ತೋಟಗಾರಿಕಾ ಸಂಘದ ವಾರ್ಷಿಕ ನೃತ್ಯಕೂಟಕ್ಕೆ, ಎರಡು ಗಂಟೆಯ ಅಭ್ಯಾಸ ಮಾತ್ರ ಮಾಡಿಕೊಂಡು ಹೊಸ ಚತುಷ್ಟಯವು ಮೊದಲ ಬಾರಿಗೆ ವೇದಿಕೆಯನ್ನೇರಿತು. ಆ ಗ್ರಾಮವು ಲಿವರ್ ಸಹೋದರರು ತಮ್ಮ ಸಾಬೂನು ಕಾರ್ಖಾನೆಯ ಕೆಲಸಗಾರರಿಗಾಗಿ ಕಟ್ಟಿಸಿದ್ದು. ನಮ್ಮ ಅಜ್ಜಿಯರು ಬಟ್ಟೆ ಒಗೆಯುತ್ತಿದ್ದ ಸನ್‌ಲೈಟ್ ಸೋಪಿನ ಹೆಸರನ್ನೇ ಅದಕ್ಕೆ ಇಟ್ಟರು. ಹೂವು ತರಕಾರಿಗಳನ್ನು ಪ್ರೀತಿಯಿಂದ ಬೆಳೆಸುವ ಸಾಧುಜನರ ಎದುರಿನಲ್ಲಿ ಎಲ್ಲವೂ ಶಾಂತವಾಗಿ ನಡೆಯಿತು. ಮಾರನೆಯ ದಿನ ಕ್ಯಾವರ್ನಿನಲ್ಲಿ ಹಾಗಾಗಲಿಲ್ಲ. ಪೀಟನ ಅಭಿಮಾನಿಗಳು ಅವನ ಹೆಸರನ್ನು ಕೂಗಿದರು, ರಿಂಗೋ ಬೇಡವೆಂದು ಘೋಷಣೆ ಹಾಕಿದರು. ಆ ದಿನಗಳ ತಳ್ಳಾಟದಲ್ಲಿ ಜಾರ್ಜನ ಕಣ್ಣಿಗೆ ಗುದ್ದು ಬಿದ್ದು ಕಪ್ಪಗೆ ಬಾತಿತು. ಸೆಪ್ಟೆಂಬರ್ 4ರಂದು ಸ್ಟುಡಿಯೋದಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಆ ಕಲೆಯನ್ನು ಇಂದಿಗೂ ನೋಡಬಹುದು. ಆಗಸ್ಟ್ 22ರ ಮಧ್ಯಾಹ್ನ ಗ್ರಾನಡಾ ಟೆಲಿವಿಷನ್ನಿನವರು ಕ್ಯಾವರ್ನಿಗೆ ಕ್ಯಾಮೆರಾ ತಂದರು. ಹೊಸ ಡ್ರಮ್ಮರ್ ನುಡಿಸಿದ ಹಾಡು ಮುಗಿದೊಡನೆ ಪೀಟ್ ಬೇಕೆಂದು ಒಬ್ಬನು ಕೂಗಿದ್ದೂ ಆ ಚಿತ್ರಿಕೆಯಲ್ಲಿ ಸೇರಿಹೋಗಿದೆ. ಕೂಗಿದವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಊರ ಮೇಳವನ್ನು ತನ್ನದೆಂದು ತಿಳಿದವನಿಗಲ್ಲದೆ ಅಂಥ ಕೋಪ ಬಾರದು.

ಇಷ್ಟಾದರೂ ಬದಲಾವಣೆ ಸರಿಯಾಗಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಅಭಿಮಾನಿಗಳ ವಾದಗಳನ್ನು ಕೇಳಬೇಕಾಗಿಲ್ಲ, ಕಿವಿಯಿಂದಲೇ ಉತ್ತರ ಪಡೆಯಬಹುದು. ಏಕೆಂದರೆ ‘ಲವ್ ಮಿ ಡೂ’ ಎಂಬ ಒಂದೇ ಹಾಡು, ಮೂರು ತಿಂಗಳ ಅಂತರದಲ್ಲಿ, ಒಂದೇ ಸ್ಟುಡಿಯೋದಲ್ಲಿ, ಮೂವರು ಬೇರೆ ಬೇರೆ ಡ್ರಮ್ಮರುಗಳ ಕೈಯಲ್ಲಿ ಮುದ್ರಿತವಾಗಿ ನಮಗೆ ದೊರೆತಿದೆ. ಸಂಗೀತದ ಚರಿತ್ರೆಯಲ್ಲಿ ಇಂಥ ಭಾಗ್ಯ ಅಪರೂಪದ್ದು. ಮೊದಲನೆಯದು ಜೂನ್ 6ರದು, ಪೀಟನದು. ಕಳೆದೇಹೋಯಿತೆಂದು ಬಹುಕಾಲ ಭಾವಿಸಿದ್ದ ಇದು 1995ರ ‘ಆಂಥಾಲಜಿ’ ಸಂಪುಟದಲ್ಲಿ ಹೊರಬಂದಿತು. ಇದರಲ್ಲಿ ಹಾಡಿನ ನಡುಭಾಗಕ್ಕೆ ಬರುತ್ತಲೂ ಡ್ರಮ್ಮಿನ ನಡೆ ಬೇರೊಂದು ಜಾಡಿಗೆ ಹೊರಳುತ್ತದೆ, ಹೊರಳುವಾಗ ಕಾಲಪ್ರಮಾಣವೂ ಅಲುಗುತ್ತದೆ, ಹಾಡುವವರು ಕ್ಷಣಕಾಲ ಕಾಲೂರಲು ನೆಲವನ್ನು ಹುಡುಕುವಂತಾಗುತ್ತದೆ. ಎರಡನೆಯದು ಸೆಪ್ಟೆಂಬರ್ 4ರದು, ರಿಂಗೋವಿನದು. ಆಡಂಬರವಿಲ್ಲ, ಹಾಡಿನ ಆದಿಯಿಂದ ಅಂತ್ಯದವರೆಗೂ ಒಂದೇ ನಡೆ. ಆದರೂ ಸ್ಟುಡಿಯೋದವರಿಗೆ ತೃಪ್ತಿಯಾಗದೆ, ಸೆಪ್ಟೆಂಬರ್ 11ರಂದು ಆಂಡಿ ವೈಟ್ ಎಂಬ ವೃತ್ತಿನಿಪುಣನನ್ನು ಕರೆಸಿ ಅದೇ ಹಾಡನ್ನು ಮತ್ತೆ ಮುದ್ರಿಸಿದರು. ಮೇಳಕ್ಕೆ ಸೇರಿ ತಿಂಗಳೂ ತುಂಬದ ಹೊಸ ಡ್ರಮ್ಮರನ ಕೈಗೆ ಅಂದು ಕೊಟ್ಟದ್ದು ಒಂದು ಖಂಜರಿ. ಇನ್ನೊಂದು ಹಾಡಿಗೆ ಗಿಲಕಿಯಂಥ ಮರಾಕಸ್. ಪೀಟನಿಗಾದ ಗತಿಯೇ ತನಗೂ ಆಗುವುದೆಂದು ರಿಂಗೋ ಅಂದು ನಡುಗಿದನು. ಆ ದಿನದ ನೋವನ್ನು ಆತ ಬಹು ವರ್ಷಗಳವರೆಗೆ ಮರೆಯಲಿಲ್ಲ.

ಅಕ್ಟೋಬರ್ 5ರಂದು ಹಾಡು ಬಿಡುಗಡೆಯಾದಾಗ ಮೊದಲ ತಟ್ಟೆಗಳಲ್ಲಿದ್ದದ್ದು ರಿಂಗೋ ನುಡಿಸಿದ ಪಾಠವೇ. ಅದು ಬ್ರಿಟನ್ನಿನ ಪಟ್ಟಿಯಲ್ಲಿ 17ನೆಯ ಸ್ಥಾನದವರೆಗೆ ಏರಿತು. ಮರುವರ್ಷದ ಆಲ್ಬಮ್ಮಿಗೆ ಆಂಡಿ ವೈಟನ ಪಾಠವನ್ನು ಬಳಸಿದರು. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ: ಖಂಜರಿಯ ಸದ್ದು ಕೇಳಿದರೆ ಅದು ವೈಟನದು. ರಿಂಗೋವಿನ ಪಾಠದ ಮೂಲ ಟೇಪು ಉಳಿಯದೆ, ಮುಂದೆ ಮರುಮುದ್ರಣ ಬೇಕಾದಾಗ ಹಳೆಯ ತಟ್ಟೆಯೊಂದರಿಂದಲೇ ಅದನ್ನು ಎತ್ತಿಕೊಳ್ಳಬೇಕಾಯಿತು. ಮೂರನ್ನೂ ಒಂದರ ಹಿಂದೊಂದು ಕೇಳಿದವನಿಗೆ, ವೈಟನದು ಹೆಚ್ಚು ನಯವಾದುದೆಂದೂ, ರಿಂಗೋವಿನದು ಆ ಮೂವರು ಹಾಡುಗಾರರಿಗೆ ಹೆಚ್ಚು ಒಗ್ಗುವಂಥದೆಂದೂ ತಿಳಿಯುತ್ತದೆ. ನನ್ನ ಕಿವಿಯ ನಿರ್ಣಯವಂತೂ ಹಾಗಿದೆ.

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಬಗೆದವರು ನಾವು. ಲಯವಾದ್ಯಗಾರನ ಹಿರಿಮೆ ತನಿ ಆವರ್ತನದಲ್ಲಿ ಮೆರೆಯುವುದಕ್ಕಿಂತ ಹೆಚ್ಚಾಗಿ ಹಾಡುವವರ ಜೊತೆ ಹೋಗುವುದರಲ್ಲಿದೆಯೆಂಬುದನ್ನು ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಿಂಗೋವಿನ ಶಕ್ತಿಯಿದ್ದುದು ಅಲ್ಲಿ. ಡ್ರಮ್ಮರನು ಎರಡು ಕೈ, ಎರಡು ಕಾಲುಗಳಿಗೂ ಬೇರೆ ಬೇರೆ ಕೆಲಸ ಕೊಟ್ಟು ಕುಳಿತಿರುವವನು: ಬಲಗಾಲು ದೊಡ್ಡ ಡ್ರಮ್ಮನ್ನು ಒತ್ತುತ್ತದೆ, ಎಡಗಾಲು ಜೋಡಿ ತಾಳಗಳನ್ನು ತೆರೆದು ಮುಚ್ಚುತ್ತದೆ, ಬಲಗೈ ಆ ತಾಳಗಳ ಮೇಲೆ ಮಾತ್ರೆಗಳನ್ನು ಎಣಿಸುತ್ತದೆ, ಎಡಗೈ ನಡುವಿನ ಸಣ್ಣ ಡ್ರಮ್ಮಿನ ಮೇಲೆ ಘಾತ ಕೊಡುತ್ತದೆ. ಈ ವಿನ್ಯಾಸವೆಲ್ಲ ಬಲಗೈಯವರಿಗಾಗಿ ಆದದ್ದು. ರಿಂಗೋ ಹುಟ್ಟಿನಿಂದ ಎಡಗೈಯವನು. ಎಡಗೈ ಬಳಕೆ ಅಶುಭವೆಂದು ಬಗೆದ ಅವನ ಅಜ್ಜಿ ಅವನಿಂದ ಬಲಗೈಯಲ್ಲೇ ಬರೆಯಿಸಿದಳು, ಇಂಥ ಅಜ್ಜಿಯರನ್ನು ನಮ್ಮ ಮನೆಗಳಲ್ಲೂ ಕಂಡಿದ್ದೇವೆ. ಹೀಗೆ ಬಲಗೈಯವರ ಸೆಟ್ಟಿನ ಹಿಂದೆ ಕುಳಿತ ಎಡಗೈಯವನು ಒಂದು ಡ್ರಮ್ಮಿನಿಂದ ಇನ್ನೊಂದಕ್ಕೆ ಉರುಳಿಕೊಂಡು ಹೋಗಬೇಕಾದಾಗ, ಎಲ್ಲರಂತೆ ಬಲಗೈಯನ್ನು ಮುಂದಿಟ್ಟು ಸರಾಗವಾಗಿ ಹೋಗಲಾರನು. ಎಡಗೈಯೇ ಮುಂದಾಗಬೇಕು, ಕೈಗಳು ಒಂದನ್ನೊಂದು ದಾಟಬೇಕು, ಆ ದಾಟುವಿಕೆಯಲ್ಲಿ ಕೂದಲೆಳೆಯಷ್ಟು ತಡವಾಗುತ್ತದೆ. ಬೇರೊಬ್ಬನಿಗೆ ಇದು ದೋಷವಾಗುತ್ತಿತ್ತು. ಇವನ ಕೈಯಲ್ಲಿ ಅದೇ ಒಂದು ಚಂದವಾಯಿತು. ‘ಎ ಡೇ ಇನ್ ದಿ ಲೈಫ್’ ಹಾಡಿನಲ್ಲಿ ಗಾಯಕನು ಉಸಿರೆಳೆದುಕೊಳ್ಳುವ ಜಾಗಗಳಲ್ಲಿ ಮಾತ್ರ ಬಂದು ಮಾತಾಡಿ ಹಿಂದೆ ಸರಿಯುವ ಡ್ರಮ್ಮುಗಳನ್ನು ಕೇಳಿದವರಿಗೆ ಇದರ ಅನುಭವವಾಗಿರಬೇಕು. ‘ಕಮ್ ಟುಗೆದರ್’ ಹಾಡಿಗಾಗಿ ಡ್ರಮ್ಮುಗಳ ಮೇಲೆ ಅಡುಗೆಮನೆಯ ಒರಸುಬಟ್ಟೆ ಹೊದಿಸಿ, ನಾದದ ಅನುರಣನವನ್ನು ತಗ್ಗಿಸಿ, ಮೆತ್ತಗೆ ಕುಟ್ಟಿದಂಥ ಧ್ವನಿಯನ್ನು ಅವನು ಹೊರಡಿಸಿದನು. ಹಾಡಿಗೆ ಏನು ಬೇಕೆಂದು ಬಲ್ಲವನ ಕೆಲಸ ಅದು. ನೂರಾರು ಮುದ್ರಣಗಳಲ್ಲಿ ತಾಳ ತಪ್ಪಿತೆಂಬ ಕಾರಣಕ್ಕೆ ಕೆಲಸ ನಿಂತದ್ದು ಅತಿ ವಿರಳವೆಂದು ಆ ಸ್ಟುಡಿಯೋದ ದಾಖಲೆಗಳನ್ನು ಪರಿಶೀಲಿಸಿದವರು ಹೇಳುತ್ತಾರೆ.

1964ರ ಜೂನ್ 3ರಂದು, ವಿದೇಶ ಯಾತ್ರೆಯ ಮುನ್ನಾದಿನ, ರಿಂಗೋ ಗಂಟಲ ಬೇನೆಯಿಂದ ಕುಸಿದನು. ಜಿಮ್ಮಿ ನಿಕೋಲ್ ಎಂಬ ಡ್ರಮ್ಮರನನ್ನು ಅವಸರದಿಂದ ಕರೆತಂದು, ರಿಂಗೋವಿನ ಉಡುಪನ್ನೇ ತೊಡಿಸಿ, ಕೋಪನ್‌ಹೇಗನ್ನಿನಿಂದ ಅಡಿಲೇಡಿನವರೆಗೆ ಮೇಳವು ಹೇಗೋ ನಡೆಯಿತು. ಅಂದು ರಿಂಗೋವಿಲ್ಲದೆ ತಾನು ಹೊರಡಲಾರೆನೆಂದು ಹಟ ಹಿಡಿದವನು ಜಾರ್ಜ್ ಹ್ಯಾರಿಸನ್. ಅವನಿಗಾಗಿ ಕಣ್ಣಿಗೆ ಗುದ್ದು ತಿಂದವನೂ ಇವನೇ ಅಲ್ಲವೇ!

ಒಂದು ಮೇಳಕ್ಕೆ ಹೊಸಬನು ಬಂದನೆಂದರೆ ಇನ್ನೊಂದು ಮೇಳದಲ್ಲಿ ಒಂದು ಸ್ಥಾನ ಖಾಲಿಯಾಯಿತೆಂದು ಅರ್ಥ, ಇದನ್ನು ನಾವು ನೆನೆಯುವುದು ಕಡಮೆ. ರೋರಿ ಸ್ಟಾರ್ಮ್ ಲಿವರ್‌ಪೂಲಿನ ವೇದಿಕೆಗಳಲ್ಲಿ ಒಂದು ಕಾಲಕ್ಕೆ ಬೀಟಲ್ಸರಿಗಿಂತ ಹೆಚ್ಚಿನ ಪ್ರಭೆಯಿಂದ ಬೆಳಗಿದವನು. ರಿಂಗೋ ಹೋದ ಮೇಲೆ ಗಿಬ್ಸನ್ ಕೆಂಪ್ ಎಂಬ ಎಳೆಯನನ್ನು ತಂದುಕೊಂಡನು, ಅವನ ಬಳಿಕ ಮತ್ತೊಬ್ಬನನ್ನು, ಮಗುದೊಬ್ಬನನ್ನು. ಆ ಮೇಳ ಮತ್ತೆ ಮೇಲೇಳಲಿಲ್ಲ. ರೋರಿ 1972ರಲ್ಲಿ ತೀರಿಕೊಂಡನು.

ಪೀಟ್ ಬೆಸ್ಟ್ ಕೆಲವು ಕಾಲ ಬೇರೆ ಮೇಳಗಳಲ್ಲಿ ನುಡಿಸಿ, ಅಮೆರಿಕದಲ್ಲೂ ಸುತ್ತಾಡಿ ಬಂದು, ಆಮೇಲೆ ಡ್ರಮ್ಮನ್ನು ಕೆಳಗಿಟ್ಟನು. ರೊಟ್ಟಿ ಕಾರ್ಖಾನೆಯಲ್ಲಿ ಹೊರೆ ಹೊತ್ತನು. ಬಳಿಕ ಲಿವರ್‌ಪೂಲಿನ ಸರ್ಕಾರಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಸುಮಾರು ಇಪ್ಪತ್ತು ವರ್ಷ ಸೇವೆ ಸಲ್ಲಿಸಿ, ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಡುವ ಕೆಲಸ ಮಾಡಿದನು. 1988ರಲ್ಲಿ ಮತ್ತೆ ವೇದಿಕೆಯನ್ನೇರಿದನು. 1995ರಲ್ಲಿ ಹೊರಬಂದ ‘ಆಂಥಾಲಜಿ’ಯ ಮೊದಲ ಸಂಪುಟದಲ್ಲಿ ಆತ ನುಡಿಸಿದ ಹತ್ತು ಮುದ್ರಿಕೆಗಳು ಸೇರಿದ್ದುದರಿಂದ, ಸಲ್ಲಬೇಕಾದ ಹಣದ ಒಂದಂಶವಾದರೂ ಮೂವತ್ತಮೂರು ವರ್ಷಗಳ ಮೇಲೆ ಆತನಿಗೆ ಸಂದಿತು. ಅದು ಯಾರ ಔದಾರ್ಯವೂ ಅಲ್ಲ, ಅವನ ದುಡಿಮೆಯ ಫಲ. ಆ ಬಳಿಕವೂ ಸ್ವಂತ ಮೇಳವನ್ನು ಕಟ್ಟಿಕೊಂಡು ದೇಶದೇಶಗಳಲ್ಲಿ ನುಡಿಸುತ್ತಿದ್ದು, 2025ರ ಏಪ್ರಿಲಿನಲ್ಲಿ, 83ನೆಯ ವಯಸ್ಸಿನಲ್ಲಿ, ವೇದಿಕೆಯಿಂದ ನಿವೃತ್ತನಾದನು.